ಅಂಚು ಕತ್ತರಿಸೂ ಮೊದಲು

ಬಾಳಿಹಳ್ಳಿಮಠ ಮೇಡಮ್ಮೋರು ಚೀಟಿ ಇಟ್ಟು ಕಳಿಸ್ಯಾರ:
"ಬೆನ್ನು ಬಿಟ್ಟೈತಿ, ಹೊಲದು ಕೊಡ್ರಿ.
ಅಂಚು ಕಾಲಿಂಚು ಕತ್ತರಿಸ್ರಿ, ಹೊಲಸು ಹೋಗಲಿ."
ಹೊಲಸಂದ್ರ ಪೆನ್ಸಿಲ್ಲು, ಬಾಲ್‌ಪೆನ್ನು,
ಒಂದು ಕಡೆ ಯಾರದೋ ಕಾಡಿಗಿ ಬೆರಳು.

ಅಬ್ಬಾ ಹೇಳತಿದ್ದ: ದಫ್ತರಬಂದರ ಮಂದಿ
ಪುಸ್ತಕದ ಬೆನ್ನು ನೋಡಬೇಕು, ಹೊಟ್ಟಿ ನೋಡಬಾರದು.
ಓದಕೋತ ಕುಂತರ ಅಂಟು ಒಣಗತೈತಿ.
ನಾನು ಮೈದಾಕ್ಕ ಚೂರು ಮೈಲುತುತ್ತ ಹಾಕಿ
ಸ್ಟೋ ಸಣ್ಣ ಮಾಡಿ
ಓದಿದೆ.

ಕತಿ ಇಷ್ಟ: ಒಬ್ಬಾಂವ ಗದಗಿನಾಗ ಗಾಡಿ ಹತ್ತತಾನ,
ಹುಬ್ಬಳ್ಳ್ಯಾಗ ಯಾರೋ ಕಾಯಾಕ ಹತ್ಯಾರ.
ಅಣ್ಣಿಗೇರ್ಯಾಗ ನೀರು ಕುಡ್ಯಾಕ ಇಳೀತಾನ.
ಗಾಡಿ ಬಿಡತೈತಿ. ನಳ ಬಂದ್ ಮಾಡಿ
ಅಂವ ನಿಂತ ಬಿಡತಾನ.
ಅಲ್ಲಿಂದ ಮುಂದ ನಲವತ್ತು ವರ್ಷ, ಬ್ಯಾರೆ ಹೆಸರು.
ಬರದಾಂವ ಅದಕ್ಕ 'ತಿರುವು' ಅಂತಾನ,
ಒಂದ ಪುಟದಾಗ ಮೂರು ಸಲ.

ನಲವತ್ತೊಂದನೇ ಪುಟ, ಬಲಕ್ಕಿನ ಅಂಚು.
ಪೆನ್ಸಿಲ್ಲು, ಮಾಸ್ತರ ಕೈಬರಹ:
"ಶುದ್ಧ ಸುಳ್ಳು. ಗಾಡಿ ಬಿಟ್ಟರ ಯಾರಾದರೂ ಓಡೇ ಓಡತಾರ."
ಅದರ ಕೆಳಗ ನೀಲಿ ಶಾಯಿ, ಸಣ್ಣಕ:
"ನಾ ಓಡಲಿಲ್ಲ."
ಹೆಸರಿಲ್ಲ, ಊರಿಲ್ಲ.
ಅದರ ಕೆಳಗ ಕೆಂಪು ಪೆನ್ನು:
"ಆಮ್ಯಾಲೆ?"
ಆಮ್ಯಾಲೆ ಯಾರೂ ಏನೂ ಬರದಿಲ್ಲ.
ಹಿಂದಿನ ರಟ್ಟಿನ ಚೀಟಿ ಎಣಿಸಿದೆ,
ಹನ್ನೊಂದು ವರ್ಷದ ಶಿಕ್ಕಾ ಅದಾವ.

ಮತ್ತೊಂದು ಕಡೆ ಹೆಣಮಗಳ ಅಕ್ಷರ, ಒತ್ತಿ ಬರದಿದ್ದಕ್ಕ
ಹಾಳಿ ಆಚೀಕಡೆ ಉಬ್ಬೈತಿ:
"ಅಂವಗ ತಿರುವು. ಆಕೀಗೆ?
ಗಿರಣಿ ಪಾಳ್ಯಾಗ ನಿಂತಾಕಿಗೆ ಯಾರು ಹೇಳಿದರು?"
ಕೈ ಇಟ್ಟರ ಆ ಉಬ್ಬು ಬೆರಳಿಗೆ ಹತ್ತತೈತಿ.

ಒಬ್ಬ ಹುಡುಗ ದೊಡ್ಡದಾಗಿ ಸಹಿ ಮಾಡ್ಯಾನ:
"ಈ ಪುಸ್ತಕ ನನ್ನ ಜೀವನಾನ ಬದಲಿಸಿತು."
ಅದು ಹನ್ನೆರಡನೇ ಪುಟ.
ಆ ಪುಟದಾಗ ಅಂವ ಇನ್ನಾ ಟಿಕೀಟು ತಗೊಳ್ಳಾಕ ಹತ್ಯಾನ.

ಎಪ್ಪತ್ತರ ಮ್ಯಾಲ ಯಾರೋ ಹಾಲಿನ ಲೆಕ್ಕ ಬರದಾರ,
ಎರಡು ದಿನ ಹಾಲು ಬಂದಿಲ್ಲ, ಗೆರಿ ಎಳದಾರ.

ಆದರ ಹೆಬ್ಬಟ್ಟಿನ ಮಸಿ ಹೆಚ್ಚು ಹತ್ತಿದ ಪುಟ
ಇದ್ಯಾವೂ ಅಲ್ಲ.
ಮರುದಿನ ಅಂವ ಇದ್ದೊಂದು ಅಂಗಿ ಒಗದು
ಕಲ್ಲಿನ ಮ್ಯಾಲ ಹಾಕಿ, ಬರೇ ಮೈಲೆ ಕುಂದರತಾನ.
ಅಂಗಿ ಒಣಗಬೇಕು. ಅಷ್ಟ.
ಅಲ್ಲಿ ಒಂದು ಅಕ್ಷರ ಇಲ್ಲ ಅಂಚಿನಾಗ,
ಮೂಲಿ ಮಾತ್ರ ಒಲೀಮುಂದಿನ ಗ್ವಾಡಿ ಆಗೈತಿ.

ನಂದ್ಯಾವುದು ಅಂತ ಕೇಳಿಕೊಂಡೆ. ಹೊಳೀಲಿಲ್ಲ.
ಅಬ್ಬಾನ ಕೈ ನಡುಗಿದ ದಿನ
ಸೂಜಿ, ಮೇಣದ ದಾರ ನನ್ನ ಕಡೆ ಸರಿಸಿದ. ಮಾತಿಲ್ಲ.
ನಾನು ಆಗ ನುಚ್ಚು ತಿರುವಾಕ ಹತ್ತಿದ್ದೆ,
ತಳ ಹತ್ತಬಾರದಂತ ಪೂರ್ತಿ ತಿರುವಿ
ಆಮ್ಯಾಲೆ ಎದ್ದು ಬಂದು ಕುಂತೆ.
ಇಪ್ಪತ್ತಾರು ವರ್ಷ ಆತು, ಕುಂತs ಇದೀನಿ.

ಬೆನ್ನು ಹೊಲದಾತು. ಮಷಿನ್ಯಾಗ ಇಟ್ಟು
ಗಾಲಿ ತಿರುವಿ ಬಿಗಿ ಮಾಡಿದೆ.
ಕಾಲಿಂಚಿಗೆ ಅಲಗು ಎಲ್ಲಿ ಬೀಳತೈತಿ ಅಂತ
ಪಟ್ಟಿ ಹಿಡದು ನೋಡಿದರ,
ನೀಲಿ ಶಾಯಿಯ ಮ್ಯಾಲ, ನಟ್ಟನಡಕ.
'ಲಿಲ್ಲ' ಕಸದಬುಟ್ಟಿಗೆ ಹೋಗತೈತಿ.
ಪುಸ್ತಕದಾಗ ಉಳಿಯೂದು: 'ನಾ ಓಡ'.

ಯಾರೋ ಏನೋ. ಒಂದು ಸಲ ಓಡದs ನಿಂತಾರ,
ನಿಂತದ್ದನ್ನ ಒಂದ ಕಡೆ ಬರದಾರ.
ಅವರನ್ನ ಬೆಟಗೇರ್ಯಾಗ ಕುಂತು
ಹದಿನೈದು ರೂಪಾಯಿಗೆ ನಾನು ಓಡಿಸಲ್ಯಾ?

ಗಾಲಿ ಹಿಂದಕ್ಕ ತಿರುವಿದೆ.
"ಅಲಗು ಮೊಂಡ ಆಗೈತ್ರಿ ಮೇಡಮ್, ಧಾರಕ್ಕ ಕಳಿಸೀನಿ" ಅಂದೆ ಫೋನಿನಾಗ.
"ಅಂಚಿನ ಕೂಲಿ ಹಿಡಕೋತೀನಿ ನೋಡವಾ" ಅಂದರು.
ಹಿಡಕೋರಿ.

ಸ್ಟೋದ ಮ್ಯಾಲ ಬೋಗುಣ್ಯಾಗಿನ ಅಂಟು
ಬಿರುಕು ಬಿಟ್ಟ ಕರಲು ನೆಲದಂಗ.
ಅಬ್ಬಾ ಖರೇನ ಹೇಳಿದ್ದ.
ಕೆರದು ಚೆಲ್ಲಿ ಮತ್ತ ನೀರು ಕಾಸಾಕ ಇಟ್ಟೆ.